ಒಂಬತ್ತನೆಯ ಭಾನುವಾರದ ಪೆನ್ನು

ಎಚ್ಚರವಾಗುವ ಹೊತ್ತಿಗೆ ಹಲ್ಲಿನ ಡಾಕ್ಟರ ನಾಲಿಗೆ ಆಗಲೇ ಎದ್ದು ಕೆಲಸಕ್ಕೆ ಹೋಗಿಬಿಟ್ಟಿತ್ತು. ಕೆಳದವಡೆಯ ಎಡಭಾಗ, ನಾಲ್ಕು ತಿಂಗಳ ಹಿಂದಿನ ತನಕ ಒಂದು ಹಲ್ಲಿದ್ದ ಜಾಗ. ಅಲ್ಲಿಗೆ ಹೋಗಿ, ಒಸಡನ್ನು ಸವರಿ, ಇಲ್ಲವೇ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಹಿಂದಕ್ಕೆ ಬಂದು, ನಂಬಿಕೆ ಸಾಲದೆ ಮತ್ತೆ ಹೋಗುತ್ತಿತ್ತು. ಮೂವತ್ತು ವರ್ಷ ಬೇರೆಯವರ ಬಾಯಲ್ಲಿ ಕೈಯಾಡಿಸಿದ ಈ ಮಹಾಶಯರಿಗೆ ಹಲ್ಲು ಹೋದ ಜಾಗ ಹೇಗಿರುತ್ತದೆ ಎನ್ನುವುದು ತಮ್ಮ ಬಾಯಲ್ಲೇ ಒಂದು ತೂತಾಗುವ ತನಕ ಗೊತ್ತಿರಲಿಲ್ಲ. ಎರಡು ದಿನ ಉಪ್ಪುನೀರು ಮುಕ್ಕಳಿಸಿ, ಎಲ್ಲ ಸರಿಹೋಗುತ್ತೆ ಎಂದು ಸಾವಿರಾರು ಜನರ ಬೆನ್ನು ತಟ್ಟಿ ಕಳಿಸಿದ್ದರು. ಸರಿಹೋಗುವುದಿಲ್ಲ. ನಾಲಿಗೆ ಹೋಗುತ್ತಲೇ ಇರುತ್ತದೆ. ಹೋದಾಗಲೆಲ್ಲ ಡಾಕ್ಟರಿಗೆ ನೆನಪಾಗುವುದು ತಮ್ಮ ಹಲ್ಲಲ್ಲ, ಮೇಸ್ತ್ರಿಯ ಹಲ್ಲು. ಇವತ್ತು ಭಾನುವಾರ ಎನ್ನುವುದು ಆಮೇಲೆ ಹೊಳೆಯಿತು. ಒಂಬತ್ತನೆಯ ಭಾನುವಾರ. ಇವತ್ತೇನಾದರೂ ಪೆನ್ನು ಸರಿಯಾಗಿ ಬಂದುಬಿಟ್ಟರೆ ನನ್ನ ಗತಿಯೇನು ಎಂದುಕೊಂಡರು.

"ರೀ, ಇವತ್ತಾದ್ರೂ ಒಂದು ಪೆನ್ನು ಮನೆಗೆ ಬರುತ್ತೋ, ಇಲ್ಲಾ ಮೈತುಂಬ ಮರದ ಹೊಟ್ಟು ಮೆತ್ಕೊಂಡು ನೀವೊಬ್ರೇ ಬರ್ತೀರೋ?" ಅಡುಗೆಮನೆಯಿಂದ ಹೆಂಡತಿ ಕೇಳಿದರು. ಬರುತ್ತೆ ಕಣೇ, ಮರ ಅಂದ್ರೆ ಸುಮ್ನೆ ಅಲ್ಲ, ಎಂದು ಡಾಕ್ಟರು ಗೊಣಗಿದರು. "ನಾನು ಒಂಬತ್ತು ತಿಂಗಳಿಗೊಂದರ ಹಾಗೆ ಎರಡು ಮಕ್ಕಳನ್ನ ಹೆತ್ತೆ. ಇಷ್ಟು ರಂಪ ಮಾಡ್ಲಿಲ್ಲ ಬಿಡಿ." ಹೆಂಡತಿಯ ಮಾತಿಗೆ ತಕ್ಕ ಉತ್ತರ ಡಾಕ್ಟರಿಗೆ ಹೊಳೆಯುವುದು ಯಾವಾಗಲೂ ಮರುದಿನವೇ. ಹೆಂಡತಿಯ ಕಡೆಯವರ ಮಾತಿಗೂ ಹಾಗೆಯೇ, ಮತ್ತು ಈ ರಾಮಾಯಣವೆಲ್ಲ ಶುರುವಾದದ್ದೂ ಅದರಿಂದಲೇ. ಹನ್ನೊಂದು ವರ್ಷದ ಹಿಂದೆ, ಮನೆಗೆ ಬಂದ ಭಾವಮೈದುನ ಏನೋ ಒಂದು ಚುಚ್ಚುಮಾತು ಆಡಿ ಹೋಗಿದ್ದ. ಅದಕ್ಕೆ ಕೊಡಬೇಕಾಗಿದ್ದ ಉತ್ತರ ಮರುದಿನ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ, ಕೈಯಲ್ಲಿ ಇಕ್ಕಳ ಹಿಡಿದು ನಿಂತಿದ್ದಾಗ ಹೊಳೆಯಿತು. ಎಂಥ ಉತ್ತರ! ಕೇಳಿದ್ದರೆ ಭಾವಮೈದುನ ಎದ್ದು ಹೋಗಿ ಮತ್ತೆ ಒಂದು ವರ್ಷ ಮುಖ ತೋರಿಸುತ್ತಿರಲಿಲ್ಲ. ಡಾಕ್ಟರು ಅದನ್ನು ಮನಸ್ಸಿನಲ್ಲೇ ಎರಡು ಮೂರು ಸಲ ಚಪ್ಪರಿಸಿದರು, ಮತ್ತು ಆ ಸಂತೋಷದಲ್ಲಿ ಇಕ್ಕಳ ಹಾಕಿ ಎಳೆದರು. ಕುರ್ಚಿಯಲ್ಲಿದ್ದವನು ಮರ ಕಡೆಯುವ ಮೇಸ್ತ್ರಿ. ಬಲಗಡೆ ಕೆಳಗೆ ಕೆಟ್ಟಿದ್ದದ್ದು ಹಿಂದಿನಿಂದ ಎರಡನೆಯ ಹಲ್ಲು. ಇಕ್ಕಳದ ತುದಿಯಲ್ಲಿ ಬಂದದ್ದು ಮೂರನೆಯದು. ಬೆಳ್ಳಗೆ, ಗಟ್ಟಿಯಾಗಿ, ಎರಡು ಬೇರೂ ನೆಟ್ಟಗೆ, ಒಂದು ಚುಕ್ಕೆ ಕಲೆಯಿಲ್ಲದ ಹಲ್ಲು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಬಾಯಿಗೆ ಬಂದದ್ದು ಬೇರೆ: "ನೋಡಿ ಮೇಸ್ತ್ರಿ, ಎರಡೂ ಕೆಟ್ಟುಹೋಗಿವೆ. ಎರಡನ್ನೂ ತೆಗೆದುಬಿಡೋದೇ ವಾಸಿ." ಮೇಸ್ತ್ರಿ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಕೈಮುಗಿದ. ತಿಂಗಳು ಕಳೆಯುವುದರೊಳಗೆ ಕ್ಲಿನಿಕ್ಕಿಗೆ ಒಂದು ಸ್ಟೂಲು ಬಂತು, ಮೂರು ಕಾಲಿನದು, ಕಾಲಿಗೆಲ್ಲ ಬಳೆಯಂತೆ ಗೆರೆ ಕಡೆದು ಮೇಣ ತಿಕ್ಕಿದ್ದು. ಎರಡು ಹಲ್ಲು ಕಿತ್ತರೂ ನೋವೇ ಗೊತ್ತಾಗದ ಹಾಗೆ ಕಿತ್ತ ಡಾಕ್ಟರಿಗೆ ಮೇಸ್ತ್ರಿಯ ಕಾಣಿಕೆ! ಅದೂ ಸಾಲದು ಎಂಬಂತೆ ಮೇಸ್ತ್ರಿ ತನ್ನ ಬೀದಿಯವರನ್ನೆಲ್ಲ ಹಿಡಿದು ಹಿಡಿದು ಇವರಲ್ಲಿಗೇ ಕಳಿಸಿದ. ತಾನು ಮಾತ್ರ ಮತ್ತೆ ಬರಲಿಲ್ಲ, ಅಷ್ಟು ಒಳ್ಳೆ ಡಾಕ್ಟರಿಗೆ ಸುಮ್ಮನೆ ತೊಂದರೆ ಯಾಕೆ ಎಂದು. ಹನ್ನೊಂದು ವರ್ಷ ಆ ಸ್ಟೂಲು ಡಾಕ್ಟರ ಮೊಣಕಾಲ ಪಕ್ಕದಲ್ಲೇ ಇತ್ತು. ಒಂದು ದಿನವಾದರೂ ಅಲುಗಾಡಬಾರದೆ, ಮುರಿದುಹೋಗಬಾರದೆ! ಹಾಳಾದ್ದು ಕಲ್ಲಿನ ಹಾಗೆ ನಿಂತಿತ್ತು.

ಡಾಕ್ಟರು ಸ್ನಾನ ಮುಗಿಸಿ, ಹೆಂಡತಿ ಈ ಕೆಲಸಕ್ಕೆಂದೇ ಎತ್ತಿಟ್ಟಿದ್ದ ಹಳೆ ಅಂಗಿ ತೊಟ್ಟು ಹೊರಟರು. ಮೇಸ್ತ್ರಿಯ ಶೆಡ್ಡು ನಾಲ್ಕು ಬೀದಿ ಆಚೆ, ಸೈಕಲ್ಲಿಗೆ ಪಂಕ್ಚರು ಹಾಕುವವನ ಹಿಂದೆ. ಮೊದಲ ಭಾನುವಾರ ಇದೇ ದಾರಿಯಲ್ಲಿ ಬರುವಾಗ ಮಾತನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದರು. ಮೇಸ್ತ್ರಿ, ನನ್ನಿಂದ ಒಂದು ತಪ್ಪಾಗಿದೆ. ಅಷ್ಟೇ, ಮುಂದಿನದು ತಾನಾಗಿ ಬರುತ್ತದೆ. ಶೆಡ್ಡಿನ ಬಾಗಿಲಲ್ಲಿ ನಿಂತಾಗ ಮೇಸ್ತ್ರಿ ಮಷೀನು ನಿಲ್ಲಿಸಿ, ಓಡಿಬಂದು, ಇದ್ದೊಂದು ಕುರ್ಚಿಯ ಮೇಲಿನ ಹೊಟ್ಟನ್ನು ತನ್ನ ಅಂಗಿಯ ತುದಿಯಿಂದಲೇ ಒರೆಸಿ, "ಅಯ್ಯೋ ಡಾಕ್ಟ್ರೇ! ನೀವ್ಯಾಕೆ ಬಂದ್ರಿ ಇಷ್ಟು ದೂರ? ಹೇಳಿ ಕಳಿಸಿದ್ರೆ ನಾನೇ ಬರ್ತಿರ್ಲಿಲ್ವಾ? ಏನಾಗಬೇಕಿತ್ತು?" ಎಂದ. ಆ ಮುಖ ನೋಡಿ ಡಾಕ್ಟರ ಕಣ್ಣು ಆಚೀಚೆ ಓಡಿತು. ಬೆಂಚಿನ ಮೇಲೆ ಆಗಷ್ಟೇ ಕಡೆದಿಟ್ಟ ಒಂದು ಪೆನ್ನು ಬಿದ್ದಿತ್ತು. "ಪೆನ್ನು," ಅಂದರು. "ಪೆನ್ನು ಮಾಡೋದು ಕಲೀಬೇಕು ಅಂತ." ಮೇಸ್ತ್ರಿಯ ಕಣ್ಣಲ್ಲಿ ನೀರು ಬಂತು, ನಿಜವಾಗಿಯೂ ಬಂತು. "ಮೂವತ್ತು ವರ್ಷ ಆಯ್ತು ಡಾಕ್ಟ್ರೇ ನಾನು ಈ ಕೆಲ್ಸ ಮಾಡೋಕೆ ಶುರುಮಾಡಿ. ಇದನ್ನ ಕಲೀತೀನಿ ಅಂತ ಬಾಗಿಲಿಗೆ ಬಂದೋರು ನೀವೇ ಮೊದಲು." ಆ ಮೇಲೆ ಹಲ್ಲಿನ ಮಾತು ಎತ್ತುವುದು ಹೇಗೆ?

ಹೀಗೆ ಡಾಕ್ಟರು ಸಿಕ್ಕಿಬಿದ್ದರು. ಬಿದ್ದಮೇಲೆ ಕಲಿಯಲೇಬೇಕಾಯಿತು, ಕಲಿಯುವುದೋ, ದೇವರೇ! ಬೆರಳುದ್ದದ ಎರಡು ಮರದ ತುಂಡು, ಉದ್ದಕ್ಕೂ ನಡುವೆ ತೂತು, ತೂತಿನೊಳಗೆ ಅಂಟು ಹಾಕಿ ಕೂರಿಸುವ ಹಿತ್ತಾಳೆಯ ಕೊಳವೆ. ಆಮೇಲೆ ಅದನ್ನು ಲೇತ್ ಮಷೀನಿನ ಕಡ್ಡಿಗೆ ಪೋಣಿಸಿ, ತಿರುಗುವಾಗ ಉಳಿ ಒಡ್ಡಿ, ಎರಡೂ ತುದಿಯಲ್ಲಿ ಅಳತೆಗೆಂದು ಇರುವ ಉಕ್ಕಿನ ಬಳೆಯ ಮಟ್ಟಕ್ಕೆ ಮರವನ್ನು ಇಳಿಸುವುದು. ಕೇಳಿದರೆ ಇಷ್ಟೇ. ಮೊದಲ ವಾರ ಡ್ರಿಲ್ಲು ನಡುವೆ ಹೋಗದೆ ಪಕ್ಕೆಯಿಂದ ಆಚೆ ಬಂದು ಡಾಕ್ಟರನ್ನೇ ನೋಡಿತು. ಎರಡನೆಯ ವಾರ ಅಂಟು ಹಚ್ಚಿದ ಕೊಳವೆಯನ್ನು ಅರ್ಧ ತಳ್ಳಿ, ನೇರವಿದೆಯೇ ಎಂದು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಅದು ಅಲ್ಲೇ ಕಚ್ಚಿ ಕೂತುಬಿಟ್ಟಿತು, ಅತ್ತಲೂ ಹೋಗದು, ಇತ್ತಲೂ ಬಾರದು. ದೊಡ್ಡ ತೊಂದರೆ ಮಾತ್ರ ಉಳಿ ಹಿಡಿಯುವುದರಲ್ಲಿತ್ತು. ಡಾಕ್ಟರು ಉಳಿಯನ್ನು ಹಲ್ಲು ಕೊರೆಯುವ ಸಲಕರಣೆಯ ಹಾಗೆ ಮೂರು ಬೆರಳಲ್ಲಿ, ಬರೆಯುವವರ ಹಾಗೆ ಹಿಡಿಯುತ್ತಿದ್ದರು. ಮೂವತ್ತು ವರ್ಷದ ಕೈ, ಹೇಳಿದರೆ ಕೇಳೀತೆ? ಮರಕ್ಕೆ ತಗುಲುವಷ್ಟರಲ್ಲಿ ಉಳಿ ಕಚ್ಚಿಕೊಂಡು, ಫಟ್ ಎಂದು ತುಂಡು ಸಿಡಿದು, ಒಂದು ಚೂರು ಹೋಗಿ ಮೇಸ್ತ್ರಿಯ ಹೆಂಡತಿ ತಂದಿದ್ದ ಚಹಾದ ಲೋಟದಲ್ಲಿ ಬಿತ್ತು. "ಮುಷ್ಟಿ ಡಾಕ್ಟ್ರೇ, ಮುಷ್ಟಿ! ಕೈಯಲ್ಲಿ ತಳ್ಳಬೇಡಿ, ಹಿಡಿಯ ಹಿಂಭಾಗ ಸೊಂಟಕ್ಕೆ ಒತ್ತಿ, ಸೊಂಟಾನೇ ಹೋಗಲಿ, ನೀವು ಹಿಂದೆ ಹೋಗಿ!" ಸೊಂಟ ಮುಂದೆ ಹೋಗಿ ತಾವು ಹಿಂದೆ ಹೋಗುವುದು ಹೇಗೆಂದು ಡಾಕ್ಟರು ಮನೆಯಲ್ಲಿ ಕನ್ನಡಿಯ ಮುಂದೆ ಪೊರಕೆ ಹಿಡಿದು ಅಭ್ಯಾಸ ಮಾಡುತ್ತಿದ್ದಾಗ ಹೆಂಡತಿ ನೋಡಿಬಿಟ್ಟರು. ಎರಡು ದಿನ ಆಕೆ ಗಂಡನ ಹತ್ತಿರ ವಿಶೇಷ ಮೃದುವಾಗಿ ಮಾತಾಡಿದರು.

ಇನ್ನೂ ಒಂದು ಅವಮಾನವಿತ್ತು. ನಾಲ್ಕನೆಯ ವಾರವೋ ಐದನೆಯ ವಾರವೋ ಮರಕ್ಕೆ ಉಳಿ ಒಡ್ಡುತ್ತ ಡಾಕ್ಟರು ತಮಗೇ ಗೊತ್ತಿಲ್ಲದಂತೆ, "ಸ್ವಲ್ಪ ತಡ್ಕೊಳ್ಳಿ, ಆಗೋಯ್ತು, ಇನ್ನೊಂದೇ ನಿಮಿಷ," ಎಂದು ತುಂಡಿಗೆ ಸಮಾಧಾನ ಹೇಳುತ್ತಿದ್ದರು. ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕು ಹೊಟ್ಟಿನ ಗುಡ್ಡೆಯ ಮೇಲೆ ಕೂತುಬಿಟ್ಟ. ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಯಿತು. ಪಂಕ್ಚರಿನವನು ಡಾಕ್ಟರನ್ನು ಕಂಡಾಗಲೆಲ್ಲ ಟ್ಯೂಬನ್ನು ಸವರಿ, "ತಡ್ಕೊಳ್ಳಪ್ಪ, ಆಗೋಯ್ತು," ಎನ್ನತೊಡಗಿದ. ವಿಚಿತ್ರವೆಂದರೆ ಡಾಕ್ಟರಿಗೆ ಸಿಟ್ಟು ಬರಲಿಲ್ಲ. ಕ್ಲಿನಿಕ್ಕಿನಲ್ಲಿ ಮೂವತ್ತು ವರ್ಷದಿಂದ ಯಾರೂ ಅವರನ್ನು ಕಂಡು ನಕ್ಕಿರಲಿಲ್ಲ. ಎಲ್ಲರೂ ಹೆದರಿಕೊಂಡೇ ಬರುವವರು. ಇಲ್ಲಿ ತಾವು ತಪ್ಪು ಮಾಡಿದರೆ ಅದು ಕಣ್ಣೆದುರಿಗೇ ನೆಲದ ಮೇಲೆ ಬಿದ್ದಿರುತ್ತಿತ್ತು, ಮೇಸ್ತ್ರಿ ಅದನ್ನು ಎತ್ತಿ ತಿರುಗಿಸಿ ನೋಡಿ, ಇಲ್ಲಿ ಹೀಗಾಗಿದೆ ನೋಡಿ ಡಾಕ್ಟ್ರೇ, ಎಂದು ತೋರಿಸುತ್ತಿದ್ದ, ಅಲ್ಲಿಗೆ ಮುಗಿಯಿತು. ಅಷ್ಟು ಸುಲಭ. ಭಾನುವಾರ ಯಾವಾಗ ಬರುತ್ತದೋ ಎಂದು ಬುಧವಾರದಿಂದಲೇ ಕಾಯುವಂತಾಯಿತು. ಕಾಯುವುದಕ್ಕೂ ನಾಚಿಕೆಯಾಯಿತು. ಬಂದದ್ದು ಯಾಕೆ, ಮಾಡುತ್ತಿರುವುದು ಏನು?

"ಬನ್ನಿ ಬನ್ನಿ, ಇವತ್ತು ಸಾಧಾರಣ ಮರಾನೇ ಇಟ್ಟಿದೀನಿ," ಎಂದು ಮೇಸ್ತ್ರಿ ಈ ಒಂಬತ್ತನೆಯ ಭಾನುವಾರ ಬರಮಾಡಿಕೊಂಡ. ಅವನ ದನಿಯಲ್ಲಿ ಕುಹಕವೇನೂ ಇರಲಿಲ್ಲ, ಆದರೂ ಡಾಕ್ಟರ ಕಿವಿ ಬಿಸಿಯಾಯಿತು. ಹೋದವಾರದ್ದು ಸಾಧಾರಣ ಮರವಲ್ಲ. ಅದು ಬೇರಿನ ಗಂಟಿನ ಮರ, ಮೇಸ್ತ್ರಿ ಹನ್ನೆರಡು ವರ್ಷ ಅಟ್ಟದ ಮೇಲೆ ಒಣಗಿಸಿದ್ದು. ಕಡೆಯುತ್ತ ಹೋದಂತೆ ಒಳಗಿನಿಂದ ಹೊಗೆ ಸುತ್ತಿದ ಹಾಗೆ ಸುಳಿಗಳು ಕಾಣಿಸಿಕೊಂಡವು. ಡಾಕ್ಟರ ಕೈ ಅವತ್ತು ಒಂದೂ ತಪ್ಪು ಮಾಡಲಿಲ್ಲ. ಮರ ಇಳಿಯಿತು, ಬಳೆಯ ಮಟ್ಟಕ್ಕೆ ಒಂದು ಕೂದಲೆಳೆಯಷ್ಟೇ ಬಾಕಿ. ಮೇಸ್ತ್ರಿ ಉಸಿರು ಬಿಗಿಹಿಡಿದು ಪಕ್ಕದಲ್ಲಿ ನಿಂತಿದ್ದ. ಆಗ ಡಾಕ್ಟರಿಗೆ ಹೊಳೆದದ್ದು: ಇದು ಸರಿಹೋಯಿತೆಂದರೆ ಕಲಿತು ಮುಗಿಯಿತು. ಮುಂದಿನ ಭಾನುವಾರ ಬರಲು ನೆಪವಿಲ್ಲ. ಒಂದೋ ಇವತ್ತು ಹೇಳಬೇಕು, ಹೇಳಿದರೆ ಮೇಸ್ತ್ರಿ ಮತ್ತೆ ಈ ಬಾಗಿಲು ತೆರೆಯುವುದಿಲ್ಲ. ಇಲ್ಲವೋ ಹೇಳದೆ ಪೆನ್ನು ಹಿಡಿದುಕೊಂಡು ಕಳ್ಳನ ಹಾಗೆ ಮನೆಗೆ ಹೋಗಬೇಕು. ಉಳಿಯ ಮೂಗನ್ನು ಸ್ವಲ್ಪವೇ ಸ್ವಲ್ಪ ತಿರುಗಿಸಿದರು. ಬೇಕೆಂತಲೇ. ಫಟ್! ಮೇಸ್ತ್ರಿ ಕೂತು ಚೂರುಗಳನ್ನೆಲ್ಲ ಆರಿಸಿದ, ಮಷೀನಿನ ಕೆಳಗೆ ಉರುಳಿದ್ದನ್ನೂ ಬಗ್ಗಿ ತೆಗೆದ. ಆಮೇಲೆ, "ನಿಮ್ಮದೇನೂ ತಪ್ಪಿಲ್ಲ ಡಾಕ್ಟ್ರೇ. ನಾನೇ ಹೇಳಿಕೊಡೋದ್ರಲ್ಲಿ ಎಲ್ಲೋ ಎಡವಿದೀನಿ," ಎಂದ. ವಾರವೆಲ್ಲ ಆ ಮಾತು ಡಾಕ್ಟರಿಗೆ ಊಟ ಸೇರದಂತೆ ಮಾಡಿತ್ತು.

ಹತ್ತು ಗಂಟೆಗೆ ಮೇಸ್ತ್ರಿಯ ಹೆಂಡತಿ ಚಹಾ, ಬಿಸ್ಕತ್ತು ತಂದಿಟ್ಟು, "ಡಾಕ್ಟ್ರಣ್ಣ, ಲೋಟ ಮುಚ್ಚಿಟ್ಟಿದೀನಿ, ಈಗ ಶುರುಮಾಡಿ," ಎಂದು ಹೋದಳು. ಮೇಸ್ತ್ರಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ತಲೆ ಸ್ವಲ್ಪ ಓರೆಮಾಡಿ, ಎಡಗಡೆಯಿಂದಲೇ ಅಗಿದ. ಯಾವಾಗಲೂ ಎಡಗಡೆಯೇ. ಡಾಕ್ಟರು ನೋಡಬಾರದೆಂದುಕೊಂಡರೂ ನೋಡಿದರು, ಅವರ ನಾಲಿಗೆ ತಮ್ಮ ಬಾಯೊಳಗೆ ತೂತಿಗೆ ಹೋಯಿತು. ಇವತ್ತು ಮಾತ್ರ ಬೇಕೆಂತಲೂ ಕೆಡಿಸಬಾರದು, ಕೈತಪ್ಪಿಯೂ ಕೆಡಿಸಬಾರದು, ಆದದ್ದಾಗಲಿ ಎಂದು ನಿಶ್ಚಯಿಸಿ ಎದ್ದರು. ಎದ್ದಮೇಲೆ ನಿಶ್ಚಯ ಸಡಿಲವಾಯಿತು. ಸ್ವಲ್ಪ ತಪ್ಪಾದರೆ ಒಳ್ಳೆಯದಿತ್ತು ಎಂದು ಒಳಗೊಳಗೇ ಆಸೆ. ಆದರೆ ಕೈ ಅವರ ಮಾತು ಕೇಳಿದರಲ್ಲವೆ! ಮುಷ್ಟಿ ತಾನೇ ಬಿಗಿಯಾಯಿತು, ಹಿಡಿ ಸೊಂಟಕ್ಕೆ ತಾನೇ ಒತ್ತಿತು, ಉಳಿಯಿಂದ ಮರ ಉದ್ದುದ್ದ ಸುರುಳಿಯಾಗಿ ಬಿಚ್ಚಿಕೊಂಡು ಮೊಣಕೈ ಮೇಲೆ ಬೀಳತೊಡಗಿತು. ಮರಳು ಕಾಗದ ತಿಕ್ಕಿದರು. ಮೇಣ ಹಚ್ಚಿದರು. ಬೆಂಚಿನ ವೈಸಿನ ಇಕ್ಕಳದಂಥ ಬಾಯಿಯಲ್ಲಿಟ್ಟು, ರೀಫಿಲ್ಲನ್ನು ಹೊರಗೆ ಒಳಗೆ ಮಾಡುವ ತಿರುಪನ್ನು ಕೊಳವೆಯೊಳಗೆ ಒತ್ತುವಾಗ ಏಳನೆಯ ವಾರದ ಹಾಗೆ ಅದು ಆಳಕ್ಕೆ ಹೋಗಿ ರೀಫಿಲ್ಲಿನ ಮೂತಿ ಸದಾ ಹೊರಗೇ ಉಳಿದುಬಿಡಬಹುದು ಎಂದು ಕೊನೆಯ ಆಸೆಯಿಟ್ಟುಕೊಂಡರು. ಉಳಿಯಲಿಲ್ಲ. ತಿರುಗಿಸಿದರೆ ಹೊರಗೆ ಬಂತು, ತಿರುಗಿಸಿದರೆ ಒಳಗೆ ಹೋಯಿತು.

ಮೇಸ್ತ್ರಿ ಪೆನ್ನನ್ನು ಕಸಿದುಕೊಂಡು ಬೆಳಕಿಗೆ ಹಿಡಿದ. ಉಗುರಿನಿಂದ ಮರ ಮತ್ತು ಲೋಹ ಸೇರುವ ಜಾಗ ಸವರಿದ. "ಬಾರೇ ಇಲ್ಲಿ!" ಎಂದು ಹೆಂಡತಿಗೆ ಕೂಗಿದ. "ಡಾಕ್ಟ್ರಿಗೆ ಪೆನ್ನು ಹುಟ್ತು ಕಣೇ!" ಆಕೆ ಬಂದು, ಮುಟ್ಟಿ ನೋಡಿ, ಮಗುವಿನ ಹಾಗಿದೆ ಎಂದು ನಕ್ಕು ಒಳಗೆ ಹೋದಳು. "ಇನ್ನೇನು ಡಾಕ್ಟ್ರೇ, ಕಲಿತು ಮುಗೀತು. ಮುಂದಿನ ಭಾನುವಾರದಿಂದ ಮನೇಲಿ ಆರಾಮಾಗಿ ಮಲಗಿ. ತಗೊಳ್ಳಿ, ಮೊದಲು ಏನಾದ್ರೂ ಬರೀರಿ," ಎಂದು ಒಂದು ಕಾಗದ ಮುಂದಿಟ್ಟ. ಡಾಕ್ಟರು ಪೆನ್ನು ಹಿಡಿದರು. ಕಾಗದ ನೋಡಿದರು. ಬಾಯಿಪಾಠ ಮಾಡಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ.

"ಮೇಸ್ತ್ರಿ, ನಿಮ್ಮ ಒಂದು ಹಲ್ಲು ಚೆನ್ನಾಗಿತ್ತು," ಅಂದರು.

"ಯಾವುದು?"

"ಈಗ ಇಲ್ಲದೆ ಇರೋದು."

ಮೇಸ್ತ್ರಿ ಇನ್ನೂ ನಗುತ್ತಲೇ ಇದ್ದ. ಡಾಕ್ಟರು ಹೇಳಿದರು, ಭಾವಮೈದುನನನ್ನೂ ಬಿಡದೆ, ಇಕ್ಕಳವನ್ನೂ ಬಿಡದೆ, ಎರಡೂ ಕೆಟ್ಟಿವೆ ಎಂದು ಸುಳ್ಳು ಹೇಳಿದ್ದನ್ನೂ ಬಿಡದೆ. ಹೇಳುತ್ತ ಹೋದಂತೆ ಮೇಸ್ತ್ರಿಯ ನಗು ಮುಖದ ಮೇಲೇ ಹಳತಾಯಿತು. ಅವನು ಬಲಗೆನ್ನೆಯನ್ನು ಹೊರಗಿನಿಂದ ಒತ್ತಿ ನೋಡಿಕೊಂಡ.

"ಪೂರ್ತಿ ಚೆನ್ನಾಗಿತ್ತಾ?"

"ಪೂರ್ತಿ. ನಾನು ನೋಡಿದ್ರಲ್ಲೇ ಅಂಥಾದ್ದು ಕಡಿಮೆ."

"ನಮ್ಮಮ್ಮ ಹೇಳ್ತಿದ್ಲು, ನನ್ನ ಹಲ್ಲು ಗಟ್ಟಿ ಅಂತ," ಎಂದ ಮೇಸ್ತ್ರಿ, ಸ್ವಲ್ಪ ಜಂಬದಿಂದಲೇ. ಆಮೇಲೆ ಅಲ್ಲೇ ಕೂತು ಮೊಣಕಾಲ ಮೇಲಿನ ಹೊಟ್ಟು ಕೊಡವಿಕೊಳ್ಳತೊಡಗಿದ. ಹೊರಗೆ ಪಂಕ್ಚರಿನವನು ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು ಕೇಳಿಸುತ್ತಿತ್ತು. "ಹಂಗಾದ್ರೆ," ಎಂದ ಮುಖ ಎತ್ತದೆ, "ನೀವು ಬಂದಿದ್ದು ಪೆನ್ನಿಗಲ್ಲ."

ಡಾಕ್ಟರು ಇದೊಂದನ್ನು ಎಣಿಸಿರಲಿಲ್ಲ. ಮೇಸ್ತ್ರಿ ಬೈಯುತ್ತಾನೆ, ಹೆಂಡತಿಯನ್ನು ಕರೆಯುತ್ತಾನೆ, ಬೀದಿಯನ್ನೇ ಕರೆಯುತ್ತಾನೆ, ಸ್ಟೂಲು ವಾಪಸು ಕೇಳುತ್ತಾನೆ ಎಂದೆಲ್ಲ ಎಣಿಸಿದ್ದರು. ಇವನು ಹಲ್ಲನ್ನು ಬಿಟ್ಟು ಇದಕ್ಕೆ ನೊಂದುಕೊಂಡಿದ್ದ. ಮೂವತ್ತು ವರ್ಷದಲ್ಲಿ ಬಂದ ಒಬ್ಬನೇ ಶಿಷ್ಯ ಸುಳ್ಳಾಗಿದ್ದ. ಎರಡನೆಯ ಸಲವೂ ಇವನ ಒಳ್ಳೆಯದನ್ನೇ ಕಿತ್ತೆನಲ್ಲ ಎನ್ನಿಸಿ ಡಾಕ್ಟರಿಗೆ ಅಳುವೇ ಬಂತು.

"ಮೊದಲನೇ ವಾರ ಅಲ್ಲ, ನಿಜ," ಅಂದರು. "ಆಮೇಲೆ ಪೆನ್ನಿಗೇ ಬಂದೆ. ಹೋದವಾರದ್ದು ಸರಿಯಾಗೇ ಬರ್ತಿತ್ತು ಮೇಸ್ತ್ರಿ. ಬಂದುಬಿಟ್ರೆ ಮತ್ತೆ ಬರೋಕೆ ಆಗಲ್ವಲ್ಲ ಅಂತ ನಾನೇ ಬೇಕಂತ ಒಡೆದೆ."

ಮೇಸ್ತ್ರಿ ತಟ್ಟನೆ ತಲೆ ಎತ್ತಿದ. "ಏನಂದ್ರಿ?"

"ಬೇಕಂತಲೇ."

"ಆ ಗಂಟುಮರಾನ?" ಮೇಸ್ತ್ರಿ ಎದ್ದು ನಿಂತೇಬಿಟ್ಟ. ಅವನ ಕತ್ತಿನ ನರ ಉಬ್ಬಿತು. "ಹನ್ನೆರಡು ವರ್ಷ ರೀ! ಗೆದ್ದಲು ಮುಟ್ಟದ ಹಾಗೆ, ನೀರು ತಾಕದ ಹಾಗೆ ನೋಡ್ಕೊಂಡಿದೀನಿ! ಹಲ್ಲು ನಂದು, ಹೋಯ್ತು, ಹಾಳಾಗ್ಲಿ! ಆ ಮರ ನಿಮಗೇನ್ರೀ ಮಾಡಿತ್ತು? ಆರು ರಾತ್ರಿ ನಿದ್ದೆ ಇಲ್ಲ ನಂಗೆ, ಎಲ್ಲಿ ತಪ್ಪು ಹೇಳ್ಕೊಟ್ಟೆ, ಎಲ್ಲಿ ತಪ್ಪು ಹೇಳ್ಕೊಟ್ಟೆ ಅಂತ! ನೀವೊಬ್ರು ಡಾಕ್ಟ್ರಾ?" ಒಳಗಿನಿಂದ ಹೆಂಡತಿ ಇಣುಕಿದಳು. ಅವನು ಕೈಯಾಡಿಸಿ ಅವಳನ್ನು ಕಳಿಸಿದ. ಡಾಕ್ಟರು ತಲೆ ತಗ್ಗಿಸಿ ಬೈಸಿಕೊಂಡರು. ಇಷ್ಟು ಚೆನ್ನಾಗಿ ತಮ್ಮನ್ನು ಯಾರೂ ಬೈದಿರಲಿಲ್ಲ, ಹನ್ನೊಂದು ವರ್ಷದಿಂದ ಇದಕ್ಕೇ ಕಾಯುತ್ತಿದ್ದೆನೇನೋ ಎನ್ನಿಸಿತು. ಬೈದು ಬೈದು ಮೇಸ್ತ್ರಿಗೆ ಉಬ್ಬಸ ಬಂತು. ಉಳಿದಿದ್ದ ಚಹಾ ಕುಡಿದ. ಡಾಕ್ಟರ ಕೈಯಿಂದ ಪೆನ್ನು ತೆಗೆದುಕೊಂಡು ತನ್ನ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡ.

"ಇದು ಹಲ್ಲಿಗಾಯ್ತು. ಮರದ್ದು ನಾನು ಮರೆಯಲ್ಲ. ನಿಮಗೆ ಪೆನ್ನು ಬೇಕಿದ್ರೆ ನೀವು ಬೇರೆ ಮಾಡ್ಕೊಬೇಕು, ನಾನು ಹೇಳಿದ ಮರದಲ್ಲಿ, ನಾನು ಸಾಕು ಅನ್ನೋ ತನಕ."

"ಮಾಡ್ತೀನಿ."

"ಎಂಟಕ್ಕೇ ಬರ್ಬೇಕು. ಒಂಬತ್ತಕ್ಕಲ್ಲ."

"ಬರ್ತೀನಿ."

ಮೇಸ್ತ್ರಿ ಲೇತಿನ ಮೇಲೆ ತೂಗುತ್ತಿದ್ದ ಬಲ್ಬನ್ನು ತನ್ನ ಕಡೆಗೆ ಎಳೆದುಕೊಂಡು ಕುರ್ಚಿಯಲ್ಲಿ ಕೂತ. "ಕೈ ತೊಳ್ಕೊಂಡು ಬನ್ನಿ," ಎಂದ. "ಎಡಗಡೆ ಒಂದು ಹತ್ತು ದಿನದಿಂದ ಜೀವ ಹಿಂಡ್ತಿದೆ. ಹನ್ನೊಂದು ವರ್ಷ ಎಲ್ಲಾ ಒಂದೇ ಕಡೆ ಅಗಿದ್ರೆ ಇನ್ನೇನಾಗುತ್ತೆ? ಅಲ್ಲ, ಕಣ್ಣಲ್ಲಿ ನೋಡಿ ಹೇಳ್ಬೇಡಿ. ಬೆರಳಿಟ್ಟು ಕೇಳಿ. ನಾನು ಹೇಳ್ತೀನಿ."

ಡಾಕ್ಟರು ಶೆಡ್ಡಿನ ಮೂಲೆಯ ನಲ್ಲಿಯಲ್ಲಿ ಮೊಣಕೈ ತನಕ ಸೋಪು ಹಾಕಿ ಎರಡು ಸಲ ತೊಳೆದುಕೊಂಡು ಬಂದರು. ಮೇಸ್ತ್ರಿ ಬಾಯಿ ಅಗಲಿಸಿದ. ಕಣ್ಣನ್ನು ಬಿಟ್ಟುಕೊಂಡೇ ಇದ್ದ, ಡಾಕ್ಟರ ಮುಖದ ಮೇಲೆ ನೆಟ್ಟುಕೊಂಡು.

"ಇದಾ?"

"ಉಹೂಂ."

ಡಾಕ್ಟರಿಗೆ ಇದೇ ಎಂದು ಖಂಡಿತವಾಗಿತ್ತು. ಮೂವತ್ತು ವರ್ಷದ ಅನುಭವ ಇದೇ ಎನ್ನುತ್ತಿತ್ತು. ಬೆರಳನ್ನು ಪಕ್ಕಕ್ಕೆ ಸರಿಸಿದರು.

"ಇದಾ?"

"ಉಹೂಂ."

ಬೆರಳನ್ನು ಮತ್ತೊಂದರ ಮೇಲೆ ಇಟ್ಟು, ಮೇಸ್ತ್ರಿ ಹೂಂ ಎನ್ನುವ ತನಕ ಬೇಕಾದರೆ ಬಾಯಲ್ಲಿರುವ ಅಷ್ಟೂ ಹಲ್ಲಿನ ಮೇಲೆ ಬೆರಳಿಟ್ಟು ಕೇಳುವ ತಯಾರಿಯಲ್ಲಿ, ಡಾಕ್ಟರು ಮತ್ತೆ ಕೇಳಿದರು:

"ಇದಾ?"